ಪದ್ಮಿನಿಗೆ ಹೊಸ ಕ್ಯಾಮ್: ಆರು ಡಿಗ್ರಿ ಎಲ್ಲಿ ಹೋಯಿತು?

ಈ ಶನಿವಾರ ಎಂಜಿನ್ನಿನ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಕೂರಿಸಿಯೇ ಮೇಲೆ ಬರುತ್ತೇನೆ ಎಂದು ಮನೆಯಲ್ಲಿ ಹೇಳಿ ಹೋಗಿದ್ದೆ. ಹೆಡ್ ಇನ್ನೂ ಹಳೆಯ ಚಾದರದೊಳಗೇ ಇದೆ.

ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ನಿಂತಿರುವ ಅಪ್ಪನ ಪ್ರೀಮಿಯರ್ ಪದ್ಮಿನಿ 1089 ಸಿಸಿಯದು. ವಾಲ್ವ್ ತೆರೆಸುವ ಕ್ಯಾಮ್‌ಶಾಫ್ಟ್ (ಕ್ಯಾಮ್) ಎಂಜಿನ್ ಬ್ಲಾಕಿನೊಳಗೆ. ಅದರ ಉಬ್ಬು, ಅಂದರೆ ಲೋಬ್, ಟ್ಯಾಪೆಟ್ ಎಂಬ ತುಂಡನ್ನು ಎತ್ತುತ್ತದೆ; ಟ್ಯಾಪೆಟ್ ಪುಶ್‌ರಾಡ್ ಎಂಬ ಕಡ್ಡಿಯನ್ನು ಎತ್ತುತ್ತದೆ; ಕಡ್ಡಿ ಮೇಲಿನ ರಾಕರ್ ಎಂಬ ಸನ್ನೆಯ ಮೂಲಕ ವಾಲ್ವ್ ತೆರೆಯುತ್ತದೆ. ಎರಡು ಲೋಬ್ ಸವೆದು ಖಂಡಾಲ ಘಾಟಿಯಲ್ಲಿ ಲಾರಿಗಳೂ ಹಿಂದಿಕ್ಕುತ್ತಿದ್ದವು. ಕುರ್ಲಾದಲ್ಲಿ ಹುಟ್ಟಿದ ಕಾರಿಗೆ ಕುರ್ಲಾದ ಗುಜರಿಯಲ್ಲೇ ಇನ್ನೊಂದು ಕ್ಯಾಮ್ ಹುಡುಕಿ, ಲಿಫ್ಟ್ (ಲೋಬ್ ಎತ್ತುವ ಎತ್ತರ) ತುಸು ಹೆಚ್ಚಿಸಿ ಗ್ರೈಂಡ್ ಮಾಡಿಸಿದೆ. ತುಸು ಮಾತ್ರ. ರೇಸಿನ ಕ್ಯಾಮ್ ಹಾಕಿದರೆ ಶಿಳ್ ರಸ್ತೆಯ ಟ್ರಾಫಿಕ್ಕಿನಲ್ಲಿ ಎಂಜಿನ್ ಐಡಲಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದಿದ್ದಾಗ, ಓಡದೆ ಆಫ್ ಆಗಿಬಿಡುತ್ತದೆ. ಲೋಬಿನ ತಳವನ್ನು ಕೊರೆದು ಲಿಫ್ಟ್ ಪಡೆದದ್ದರಿಂದ ಟ್ಯಾಪೆಟ್ ಕೆಳಗಿಳಿದು ಕೂರುತ್ತದೆ. ಆ ಅಂತರವನ್ನು ರಾಕರಿನ ಸ್ಕ್ರೂ ತುಂಬಬೇಕು. ಟ್ಯಾಪೆಟ್‌ಗಳೂ ಹೊಸವು, ಹಳೆಯವನ್ನು ಉಳಿಸಿಕೊಂಡರೆ ಹೊಸ ಲೋಬನ್ನು ತಿಂದುಹಾಕುತ್ತವೆ.

ಕ್ಯಾಮ್ ಸರಿಯಾದ ಹೊತ್ತಿಗೆ ಎತ್ತುತ್ತದೆಯೇ ಎಂದು ನೋಡಲು, ಹಳೆಯ ಸಿ.ಡಿ. ಮೇಲೆ ಡಿಗ್ರಿ ಚಕ್ರದ ಕಾಗದ ಅಂಟಿಸಿ, ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕಿಗೆ ಕಟ್ಟಿದೆ. ಪಿಸ್ಟನ್ ತೀರಾ ಮೇಲೆ ಬಂದಾಗ ಮುಳ್ಳು ಸೊನ್ನೆ ತೋರಿಸುವಂತೆ ಇಟ್ಟೆ. ಒಂದನೇ ಸಿಲಿಂಡರಿನ ಇನ್‌ಲೆಟ್ ಪುಶ್‌ರಾಡಿನ ತಲೆಗೆ ಏರಿಳಿತ ಅಳೆಯುವ ಡಯಲ್ ಗೇಜ್. ಲಿಫ್ಟಿನ ತುದಿಯ ಎರಡೂ ಬದಿಯಲ್ಲಿ ಒಂದೇ ಎತ್ತರ ಸಿಕ್ಕ ಜಾಗ 82 ಮತ್ತು 146 ಡಿಗ್ರಿ, ನಡು 114. ಲಿಫ್ಟ್ ಅತಿ ಹೆಚ್ಚಿರುವುದು ಆ ನಡುವಿನಲ್ಲಿ. ಗ್ರೈಂಡ್ ಮಾಡಿದವನ ಚೀಟಿಯಲ್ಲಿದ್ದದ್ದು 108. ಅವನನ್ನು ಮನಸ್ಸಿನಲ್ಲಿಯೇ ಚೆನ್ನಾಗಿ ಬೈದೆ. ಕ್ರ್ಯಾಂಕಿನಿಂದ ಕ್ಯಾಮನ್ನು ತಿರುಗಿಸುವ ಚೈನ್ ಬಿಚ್ಚಿ ಮತ್ತೆ ಹಾಕಿದೆ. ಗುರುತು ಗುರುತಿಗೇ ಕೂಡಿತ್ತು, ಲೆಕ್ಕ ಮತ್ತೆ 114.

ಮೂರನೆಯ ಮಾಳಿಗೆಯ ಕುಂದಾಪುರದ ಅಜ್ಜ ಟ್ಯಾಕ್ಸಿ ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡವರು. ಹಾಲಿನ ಪೊಟ್ಟಣ ಹಿಡಿದು ನಿಂತು ನೋಡಿ ಕೇಳಿದರು: “ಪಿಸ್ಟನ್ ಮೇಲೆ ಬಂದದ್ದನ್ನು ಕಣ್ಣಿನಲ್ಲಿ ನೋಡಿದೆಯಾ ಮಾರಾಯ? ಅದು ಮೇಲೆ ಬಂದು ಸ್ವಲ್ಪ ಹೊತ್ತು ಕೂರುತ್ತದೆ.”

ಹೌದು, ಕಣ್ಣಿನಲ್ಲೇ ನೋಡಿದ್ದೆ. ತುದಿಯಲ್ಲಿ ಕ್ರ್ಯಾಂಕ್ 6 ಡಿಗ್ರಿ ತಿರುಗಿದರೂ ಪಿಸ್ಟನ್ ಇಳಿಯುವುದು ಕಾಲು ಮಿಲಿಮೀಟರಿನಷ್ಟೇ. ಬೋರಿನ (ಪಿಸ್ಟನ್ ಆಡುವ ರಂಧ್ರದ) ಮೇಲೆ ಕಬ್ಬಿಣದ ಪಟ್ಟಿ ಬಿಗಿದು, ನಡುವೆ ಬೋಲ್ಟ್ ಇಳಿಸಿ, ಪಿಸ್ಟನ್ನನ್ನು ಎರಡೂ ದಿಕ್ಕಿನಿಂದ ತಾಗಿಸಿದೆ. ಸೊನ್ನೆ ಸರಿಯಿದ್ದರೆ ಎರಡೂ ಕಡೆ ಒಂದೇ ಡಿಗ್ರಿ ಬರಬೇಕು. ಬಂದದ್ದು ಒಂದು ಕಡೆ 31, ಇನ್ನೊಂದು ಕಡೆ 43. ವ್ಯತ್ಯಾಸದ ಅರ್ಧ ಆರು! ಮುಳ್ಳು ಸರಿಸಿ ಅಳೆದರೆ 76, 140. ನಡು 108. ಬೈಗುಳ ವಾಪಸ್.

ಮಳೆಗಾಲದ ಗಾಳಿಗೆ ಒಂದೇ ರಾತ್ರಿಯಲ್ಲಿ ಬೋರಿನ ಗೋಡೆಗೆ ಕೆಂಪು ಹಿಡಿದಿತ್ತು. ಎಣ್ಣೆ ಸವರಿ ಮುಚ್ಚಿದ್ದೇನೆ. ಮುಂದಿನ ವಾರ ಹೆಡ್. ಚಾಲೂ ಮಾಡಿದ ಕೂಡಲೇ ಐಡಲಿಗೆ ಬಿಡದೆ 2000 ಆರ್‌ಪಿಎಂನಲ್ಲಿ ಇಪ್ಪತ್ತು ನಿಮಿಷ ಓಡಿಸಬೇಕು, ಲೋಬ್ ಮತ್ತು ಟ್ಯಾಪೆಟ್ ಒಂದಕ್ಕೊಂದು ಹೊಂದಿಕೊಳ್ಳುವುದು ಆಗಲೇ. ಸೊಸೈಟಿಯ ಸೆಕ್ರೆಟರಿಗೆ ಐದು ನಿಮಿಷ ಎಂದು ಹೇಳಿದ್ದೇನೆ.