ಆ ಸೊನ್ನೆ ನಾನು ಹಾಕಬಾರದಿತ್ತು

ನಾನು ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ಡೇಟಾ ನೋಡಿಕೊಳ್ಳುತ್ತೇನೆ. ದಾಖಲೆ ವಿಭಾಗದಿಂದ ಹಳೇ ಫೈಲು ತರಿಸುವುದು, ಎಕ್ಸೆಲ್‌ಗೆ ತುಂಬುವುದು, ದಿನ ಕಳೆದಂತೆ ಎಷ್ಟು ರೋಗಿಗಳು ಬದುಕುಳಿದರು ಅಂತ ತೋರಿಸುವ ಗೆರೆ, ಅಂದರೆ ಕೆಎಂ (ಕಪ್ಲಾನ್-ಮೇಯರ್) ಕರ್ವ್ ಹಾಕಿ ಡಾಕ್ಟರಿಗೆ ಕೊಡುವುದು ನನ್ನ ಕೆಲಸ. ಆವತ್ತಿನ ಮೀಟಿಂಗ್ ನೆನೆದರೆ ಈಗಲೂ ಸಂಕಟವಾಗುತ್ತದೆ.

ದೊಡ್ಡಕರುಳಿನ ಕ್ಯಾನ್ಸರ್ ಅಂಡಾಶಯಕ್ಕೆ ಹರಡಿದ ಹೆಂಗಸರ ಫೈಲುಗಳವು. ಕೀಮೋ ಕೊಟ್ಟಾಗ ಲಿವರ್‌ನಲ್ಲಿರುವ ಗಡ್ಡೆ ಕುಗ್ಗಿದರೂ ಅಂಡಾಶಯದ್ದು ಬೆಳೆಯುತ್ತಲೇ ಹೋಗುವುದುಂಟು. ಹೊಟ್ಟೆ ಉಬ್ಬುತ್ತದೆ, ನೋವು ಬೇರೆ. ಅಂಡಾಶಯ ತೆಗೆದರೆ ಜಾಸ್ತಿ ದಿನ ಬದುಕುತ್ತಾರಾ? ಇಂಥ ರೋಗಿಗಳು ಕಡಿಮೆ, ಟ್ರಯಲ್ ಮಾಡುವುದು ಕಷ್ಟ. ಹಳೇ ಫೈಲುಗಳನ್ನೇ ಕೇಳಬೇಕು.

ಗಡ್ಡೆ ಎಲ್ಲಿ ಹುಟ್ಟಿದ್ದು ಅಂತ ತಿಳಿಯಲು ಅದರ ತುಣುಕಿಗೆ ಬಣ್ಣ ಹಾಕಿ ಪ್ರೋಟೀನು ಹುಡುಕುವ ಪರೀಕ್ಷೆ ಐಎಚ್‌ಸಿ. ಅದರ ರಿಪೋರ್ಟುಗಳನ್ನು ಒಂದೊಂದಾಗಿ ನೋಡಿದ್ದೆ. ಸಿಕೆ20, ಸಿಡಿಎಕ್ಸ್2 ಅನ್ನುವ ಪ್ರೋಟೀನುಗಳು ಪಾಸಿಟಿವ್, ಸಿಕೆ7 ನೆಗೆಟಿವ್ ಇದ್ದರೆ ಸಾಮಾನ್ಯವಾಗಿ ಕರುಳಿನ ಕಡೆಯದು. ರಕ್ತದಲ್ಲಿ ಸಿಎ-125 ಅನ್ನುವ ಗುರುತು ಏರಿದ ಮಾತ್ರಕ್ಕೆ ಅಂಡಾಶಯದ್ದೇ ಕ್ಯಾನ್ಸರ್ ಅನ್ನುವಂತಿಲ್ಲ. ಅಲ್ಲೆಲ್ಲ ಎಚ್ಚರದಿಂದಿದ್ದೆ. ಎಡವಿದ್ದು ತಾರೀಖಿನಲ್ಲಿ.

ಕರ್ವ್ ಪರದೆ ಮೇಲೆ ಬಂತು. ಆಪರೇಷನ್ ಆದವರ ಗೆರೆ ಮೇಲೆ, ಆಗದವರದ್ದು ಎಷ್ಟೋ ಕೆಳಗೆ. ಸರ್ಜನ್‌ಗಳು ತಲೆಯಾಡಿಸಿದರು. ನನಗೂ ಖುಷಿ. ಆಗ ಸ್ಟಾಟಿಸ್ಟಿಕ್ಸ್ ಮೇಡಂ ಕೇಳಿದರು.

‘ಮೊದಲ ಮೂರು ತಿಂಗಳು ಮೇಲಿನ ಗೆರೆ ಒಂದಿಷ್ಟೂ ಇಳಿದಿಲ್ಲ. ಯಾಕಮ್ಮಾ?’

‘ಆಪರೇಷನ್‌ನಿಂದ ಒಳ್ಳೇದಾಗಿದೆ ಮೇಡಂ.’

‘ಇವರಲ್ಲಿ ಯಾರಿಗೂ ನಾಲ್ಕನೇ ತಿಂಗಳಿಗೆ ಮುಂಚೆ ಆಪರೇಷನ್ ಆಗಿಲ್ಲ ಅಲ್ವಾ?’

ನನ್ನ ಬಾಯಿ ಒಣಗಿತು. ಸುಮ್ನೆ ಹಿಂದಿನ ಸ್ಲೈಡಿಗೆ ಹೋದೆ, ಮತ್ತೆ ಮುಂದಕ್ಕೆ ಬಂದೆ. ಯಾರೂ ಮಾತಾಡಲಿಲ್ಲ.

‘ಆಪರೇಷನ್ ದಿನ ಬರುವ ಮೊದಲೇ ತೀರಿಕೊಂಡವರನ್ನು ಎಲ್ಲಿ ಹಾಕಿದ್ದೀಯ?’

ಒಂದು ಫೈಲು ಕಣ್ಣ ಮುಂದೆ ಬಂತು. ಗುಲಾಬಿ ಬಣ್ಣದ ಆಪರೇಷನ್ ಚೀಟಿ, ಅರಿವಳಿಕೆಗೆ ಫಿಟ್ ಅನ್ನುವ ಸಹಿ, ರಕ್ತದ ಗುಂಪು, ತಾರೀಖು. ಆ ತಾರೀಖಿಗೆ ಐದು ದಿನ ಮೊದಲೇ ಆಕೆ ಹೋಗಿದ್ದರು. ನಾನು ಆಪರೇಷನ್ ಕಾಲಂನಲ್ಲಿ ಸೊನ್ನೆ ಹಾಕಿ ಮುಂದಿನ ಫೈಲು ತೆಗೆದಿದ್ದೆ. ಅಂಥವರ ಸಾವೆಲ್ಲ ಕೆಳಗಿನ ಗೆರೆಯ ಲೆಕ್ಕಕ್ಕೆ ಸೇರಿತ್ತು. ಆಪರೇಷನ್ ತನಕ ಬದುಕಿದ್ದವರ ಆ ತಿಂಗಳುಗಳೆಲ್ಲ ಆಪರೇಷನ್‌ನ ಲಾಭ ಅಂತ ಬರೆದಂತಾಗಿತ್ತು.

ಹೃದಯ ಕಸಿಯ ಲೆಕ್ಕದಲ್ಲಿ ಇದೇ ತಪ್ಪನ್ನು ಸಂಖ್ಯಾಶಾಸ್ತ್ರಜ್ಞ ಮಿಚೆಲ್ ಗೇಲ್ 1972ರಲ್ಲೇ ತೋರಿಸಿದ್ದರು. ಮೇಡಂ ಅದನ್ನು ಕೂತು ಓದಿಸಿದರು. ಲ್ಯಾಂಡ್‌ಮಾರ್ಕ್ ಇಟ್ಟು, ಅಂದರೆ ಒಂದು ದಿನ ಗೊತ್ತುಮಾಡಿ ಅಲ್ಲಿಯವರೆಗೆ ಬದುಕಿದ್ದವರನ್ನಷ್ಟೇ ಅಲ್ಲಿಂದ ಎಣಿಸಿ, ಮತ್ತೆ ಹಾಕಿದಾಗ ಗೆರೆಗಳು ಹತ್ತಿರ ಬಂದವು, ಒಂದಾಗಲಿಲ್ಲ. ಉಳಿದ ಅಂತರವೂ ಪೂರ್ತಿ ಆಪರೇಷನ್‌ನದ್ದಲ್ಲ. ಸರ್ಜನ್ ಆರಿಸಿಕೊಳ್ಳುವುದೇ ಗಟ್ಟಿಯಾಗಿರುವವರನ್ನು, ರೋಗ ಬೇರೆಡೆ ಕಡಿಮೆ ಹರಡಿದವರನ್ನು. ಅದನ್ನು ಯಾವ ಲೆಕ್ಕವೂ ಪೂರ್ತಿ ಸರಿಮಾಡದು. ಈ ಕರ್ವ್ ನೋಡಿ ಮುಂದೆ ಯಾರದೋ ಹೊಟ್ಟೆ ಕೊಯ್ಯುತ್ತಾರೆ. ನನಗೆ ಹೆದರಿಕೆಯಾಗಿದ್ದು ಅದಕ್ಕೆ.

ನಮ್ಮ ಸಾಫ್ಟ್‌ವೇರಿನಲ್ಲಿ ಆದ ಆಪರೇಷನ್‌ಗೆ ಮಾತ್ರ ಜಾಗ. ತಾರೀಖು ಕೊಟ್ಟು ಆಗದೇ ಹೋದದ್ದಕ್ಕೆ ಇಲ್ಲ. ಮೂರು ಸಲ ಬರೆದು ಕೊಟ್ಟಿದ್ದೇನೆ. ಸದ್ಯಕ್ಕೆ ಎಕ್ಸೆಲ್‌ನಲ್ಲಿ ನಾನೇ ಒಂದು ಕಾಲಂ ಸೇರಿಸಿದ್ದೇನೆ. ಅದರಲ್ಲಿ ತುಂಬಿದ ಮೊದಲ ತಾರೀಖು ಆ ಗುಲಾಬಿ ಚೀಟಿಯದು.