ರಿಸೆಪ್ಟರ್ ಹಾಕಿದರೂ ಟಿಎನ್‌ಎಫ್ ಸಿಗ್ನಲ್ ಯಾಕೆ ನಿಲ್ಲುತ್ತಿಲ್ಲ?

ಟಿಎನ್‌ಎಫ್ ಅಂದರೆ ಉರಿಯೂತ ಹುಟ್ಟಿಸುವ ಸಂಕೇತ ಪ್ರೋಟೀನ್. ಸೆಲ್ ಸಿಗ್ನಲಿಂಗ್ ಕೆಲಸಕ್ಕೆ ಹೊಸದಾಗಿ ಇಳಿದವರು ಪದೇ ಪದೇ ಕೇಳುವ ಪ್ರಶ್ನೆ ಇದು: "ರಿಕಾಂಬಿನಂಟ್ ಟಿಎನ್‌ಎಫ್‌ಆರ್2-ಎಫ್‌ಸಿ ತರಿಸಿ, ಡೇಟಾಶೀಟ್‌ನಲ್ಲಿರುವಷ್ಟೇ ಹಾಕಿದೆವು. ಆದರೂ ಟಿಎನ್‌ಎಫ್ ಸಿಗ್ನಲ್ ನಿಲ್ಲುತ್ತಿಲ್ಲ. ಪ್ರೋಟೀನ್ ಹಾಳಾಗಿದೆಯಾ?"

ಹೆಚ್ಚಿನ ಸಲ ಪ್ರೋಟೀನ್ ಚೆನ್ನಾಗಿಯೇ ಇರುತ್ತದೆ. ಟಿಎನ್‌ಎಫ್ ವಿಪರೀತವಾಗಿರುತ್ತದೆ, ಅಷ್ಟೆ.

ಟಿಎನ್‌ಎಫ್ ಅಂಟುವ ರಿಸೆಪ್ಟರ್‌ಗಳಲ್ಲಿ ಒಂದಾದ ಮನುಷ್ಯನ ಟಿಎನ್‌ಎಫ್‌ಆರ್2ರಲ್ಲಿ ಕೋಶದ ಹೊರಗಿರುವ ಭಾಗವನ್ನು ಮಾತ್ರ ತೆಗೆದುಕೊಂಡು, ಐಜಿಜಿ1 ಪ್ರತಿಕಾಯದ ಎಫ್‌ಸಿ ತುಂಡಿಗೆ ಸೇರಿಸಿ, ಸಿಎಚ್‌ಒ ಅಥವಾ ಎಚ್‌ಇಕೆ293 ಎಂಬ ಲ್ಯಾಬ್ ಕೋಶಗಳಲ್ಲಿ ಟಿಎನ್‌ಎಫ್‌ಆರ್2-ಎಫ್‌ಸಿ ತಯಾರಿಸುತ್ತಾರೆ. 1998ರಲ್ಲಿ ಅಮೆರಿಕದಲ್ಲಿ ಸಂಧಿವಾತಕ್ಕೆ ಅನುಮತಿ ಪಡೆದ ಎಟಾನರ್ಸೆಪ್ಟ್ ಔಷಧದ ವಿನ್ಯಾಸವೂ ಇದೇ. ಎಫ್‌ಸಿ ಇರುವುದರಿಂದ ಎರಡು ರಿಸೆಪ್ಟರ್‌ಗಳು ಜೋಡಿಯಾಗಿ ನಿಲ್ಲುತ್ತವೆ. ಮೀಡಿಯಾದಲ್ಲಿರುವ ಟಿಎನ್‌ಎಫ್ ಕೋಶವನ್ನು ಮುಟ್ಟುವ ಮೊದಲೇ ಅದನ್ನು ಹಿಡಿದುಕೊಳ್ಳುವುದು ಇದರ ಕೆಲಸ. ಹಾಗಾಗಿ ಇಲ್ಲಿ ನಡೆಯುವುದು ತಲೆಲೆಕ್ಕ: ಹಿಡಿಯುವವರು ಎಷ್ಟು, ಸಿಗಬೇಕಾದವರು ಎಷ್ಟು.

ಆ ಲೆಕ್ಕ ಮಾಡಿ ನೋಡಿ. ಟಿಎನ್‌ಎಫ್ ಮೂರು ಸರಪಳಿಗಳ ಟ್ರೈಮರ್, ತೂಕ ಸುಮಾರು 52 ಕಿಲೋಡಾಲ್ಟನ್. ಜೋಡಿಯಾದ ಟಿಎನ್‌ಎಫ್‌ಆರ್2-ಎಫ್‌ಸಿ ಸುಮಾರು 150. ಡೇಟಾಶೀಟ್‌ನ ಪರೀಕ್ಷೆಯಲ್ಲಿ ಟಿಎನ್‌ಎಫ್ ಸಾಮಾನ್ಯವಾಗಿ ಮಿಲಿಲೀಟರಿಗೆ 0.25 ನ್ಯಾನೊಗ್ರಾಂ ಆಸುಪಾಸು, ಅಂದರೆ 5 ಪಿಕೊಮೋಲಾರ್ (ತೂಕವಲ್ಲ, ಅಣುಗಳ ಸಂಖ್ಯೆಯ ಅಳತೆ) ಇರುತ್ತದೆ. ಅದಕ್ಕೆ 10 ನ್ಯಾನೊಗ್ರಾಂ ರಿಸೆಪ್ಟರ್ ಹಾಕಿದರೆ ಅದು 67 ಪಿಕೊಮೋಲಾರ್, ಹದಿಮೂರು ಪಟ್ಟಿಗೂ ಹೆಚ್ಚು. ಆದರೆ ಎನ್‌ಎಫ್-ಕಪ್ಪಾಬಿ (ಟಿಎನ್‌ಎಫ್ ಕೋಶದೊಳಗೆ ಎಬ್ಬಿಸುವ, ಜೀನ್‌ಗಳನ್ನು ಚಾಲೂ ಮಾಡುವ ಪ್ರೋಟೀನ್) ನೋಡಲು ಲ್ಯಾಬ್‌ಗಳಲ್ಲಿ ರೂಢಿಯಾಗಿ ಹಾಕುವ ಟಿಎನ್‌ಎಫ್ 10 ನ್ಯಾನೊಗ್ರಾಂ, ಅಂದರೆ 190 ಪಿಕೊಮೋಲಾರ್. ಅದೇ 10 ನ್ಯಾನೊಗ್ರಾಂ ರಿಸೆಪ್ಟರ್ ಈಗ ಸುಮಾರು ಮೂರರಲ್ಲಿ ಒಂದು ಪಾಲಿಗಷ್ಟೇ ಸಾಕಾಗುತ್ತದೆ. ತೂಕದಲ್ಲಿ ಸಮ, ಸಂಖ್ಯೆಯಲ್ಲಿ ಕಡಿಮೆ. ನ್ಯಾನೊಗ್ರಾಂ ಬಿಟ್ಟು ಮೋಲಾರ್‌ನಲ್ಲಿ ಯೋಚಿಸಿದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ಪ್ರೋಟೀನ್ ಮೇಲೆ ಅನುಮಾನ ಉಳಿದೇ ಇದ್ದರೆ ಟಿಎನ್‌ಎಫ್ ತಗುಲಿದರೆ ಸಾಯುವ ಎಲ್929 ಎಂಬ ಇಲಿಯ ಕೋಶಗಳಲ್ಲಿ ಪರೀಕ್ಷಿಸಿ. ಆ ಕೋಶಗಳನ್ನು ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ (ಎನ್‌ಸಿಸಿಎಸ್) ತರಿಸಿಕೊಳ್ಳಬಹುದು. 96 ಗುಂಡಿಯ ಪ್ಲೇಟಿನಲ್ಲಿ ಗುಂಡಿಗೆ 20,000ದಿಂದ 40,000 ಕೋಶ ಹಾಕಿ ರಾತ್ರಿಯಿಡೀ ಬಿಡಿ. ಮರುದಿನ ಮೊದಲು ಟಿಎನ್‌ಎಫ್ ಒಂದನ್ನೇ, ಮಿಲಿಲೀಟರಿಗೆ 1 ಮೈಕ್ರೋಗ್ರಾಂ ಆಕ್ಟಿನೊಮೈಸಿನ್-ಡಿ ಜೊತೆ, ಹಲವು ಪ್ರಮಾಣಗಳಲ್ಲಿ ಕೊಟ್ಟು ಕರ್ವ್ ಪಡೆಯಿರಿ. ಆಕ್ಟಿನೊಮೈಸಿನ್ ಯಾಕೆ? ಕೋಶದ ಮೇಲಿರುವ ಟಿಎನ್‌ಎಫ್‌ನ ಇನ್ನೊಂದು ರಿಸೆಪ್ಟರ್ ಟಿಎನ್‌ಎಫ್‌ಆರ್1 ಸಾವಿನ ಸಂಕೇತದ ಜೊತೆಗೇ ಬದುಕಿಸುವ ಜೀನ್‌ಗಳನ್ನೂ ಎಬ್ಬಿಸುತ್ತದೆ. ಆಕ್ಟಿನೊಮೈಸಿನ್‌ನಿಂದ ಹೊಸ ಆರ್‌ಎನ್‌ಎ ತಯಾರಿಕೆ ನಿಂತರೆ ಸಾವು ಮೇಲುಗೈ ಪಡೆಯುತ್ತದೆ. (ಆಕ್ಟಿನೊಮೈಸಿನ್ ವಿಷ, ಬೆಳಕಿಗೆ ಸೂಕ್ಷ್ಮ, ಗ್ಲೌಸ್ ಬೇಕೇ ಬೇಕು.) ಮನುಷ್ಯನ ಟಿಎನ್‌ಎಫ್ ಇಲಿಯ ಟಿಎನ್‌ಎಫ್‌ಆರ್1ಕ್ಕೂ ಅಂಟುವುದರಿಂದ ಇಲಿಯ ಕೋಶವಾದರೂ ಪರೀಕ್ಷೆ ನಡೆಯುತ್ತದೆ.

ಕರ್ವ್‌ನಲ್ಲಿ ಶೇಕಡ 80ರಷ್ಟು ಕೋಶ ಸಾಯುವ ಟಿಎನ್‌ಎಫ್ ಪ್ರಮಾಣವನ್ನು ಆರಿಸಿ. ಕರ್ವ್ ಚಪ್ಪಟೆಯಾದ ಮೇಲಿನ ಪ್ರಮಾಣ ಬೇಡ. ಅಲ್ಲಿ ಅರ್ಧ ಟಿಎನ್‌ಎಫ್ ಹಿಡಿದರೂ ಫಲಿತಾಂಶ ಕದಲುವುದಿಲ್ಲ. ರಿಸೆಪ್ಟರ್ ಮತ್ತು ಟಿಎನ್‌ಎಫ್ ಎರಡನ್ನೂ ಬೇರೆ ಪ್ಲೇಟಿನಲ್ಲಿ ಬೆರೆಸಿ, 37 ಡಿಗ್ರಿಯಲ್ಲಿ 30ರಿಂದ 60 ನಿಮಿಷ ಇಟ್ಟು, ಆಮೇಲೆ ಕೋಶಕ್ಕೆ ಹಾಕಿ. ಟಿಎನ್‌ಎಫ್ ಮೊದಲು ಹಾಕಿ ರಿಸೆಪ್ಟರ್ ಹಿಂದಿನಿಂದ ಹಾಕುವವರಿದ್ದಾರೆ. ಎನ್‌ಎಫ್-ಕಪ್ಪಾಬಿಯನ್ನು ಹಿಡಿದಿಡುವ ಐಕಪ್ಪಾಬಿ-ಆಲ್ಫಾ 15 ನಿಮಿಷದಲ್ಲೇ ಕರಗಿಹೋಗುತ್ತದೆ. ಅಷ್ಟರಲ್ಲಿ ತಡೆಯುವುದು ಏನನ್ನು? ಉಳಿದ ಕೋಶಗಳನ್ನು ಅಳೆಯಲು ಸುಮಾರು 20 ಗಂಟೆಯ ನಂತರ ಎಂಟಿಟಿ ಅಥವಾ ಕ್ರಿಸ್ಟಲ್ ವಯಲೆಟ್ ಬಣ್ಣ ಹಾಕಿ.

ಜೆಲ್ ನೋಡಿ ಗಾಬರಿಯಾಗುವವರೂ ಬಹಳ. ಲೇಬಲ್‌ನಲ್ಲಿ ಒಂದು ಸರಪಳಿ ಸುಮಾರು 51 ಕಿಲೋಡಾಲ್ಟನ್ ಎಂದಿದ್ದರೂ ರೆಡ್ಯೂಸಿಂಗ್ ಜೆಲ್‌ನಲ್ಲಿ ಬ್ಯಾಂಡ್ 75ರ ಹತ್ತಿರ, ಮಸುಕಾಗಿ ಬರುತ್ತದೆ. ಅದು ಗ್ಲೈಕೊಸೈಲೇಷನ್ (ಪ್ರೋಟೀನಿಗೆ ಅಂಟಿದ ಸಕ್ಕರೆ), ಕಲಬೆರಕೆ ಅಲ್ಲ.

ಪುಡಿಯನ್ನು ಕರಗಿಸುವಾಗ: ಮುಚ್ಚಳ ತೆಗೆಯುವ ಮೊದಲು ವಯಲ್ ಅನ್ನು ಸೆಂಟ್ರಿಫ್ಯೂಜ್ ಮಾಡಿ, ಪುಡಿ ಮುಚ್ಚಳಕ್ಕೆ ಅಂಟಿರುತ್ತದೆ. ಸ್ಟೆರೈಲ್ ಪಿಬಿಎಸ್ ಹಾಕಿ ಮಿಲಿಲೀಟರಿಗೆ 100 ಮೈಕ್ರೋಗ್ರಾಂ ಮಾಡಿ, ವೋರ್ಟೆಕ್ಸ್ ಮಾಡದೆ 15 ನಿಮಿಷ ಬಿಡಿ. ತೆಳುಗೊಳಿಸುವಾಗ ಶೇಕಡ 0.1 ಬಿಎಸ್‌ಎ (ಹಸುವಿನ ಸೀರಂ ಪ್ರೋಟೀನ್) ಇರಲಿ. ಇಲ್ಲದಿದ್ದರೆ ನ್ಯಾನೊಗ್ರಾಂ ಮಟ್ಟದ ಪ್ರೋಟೀನ್ ಟ್ಯೂಬಿನ ಗೋಡೆಗೇ ಅಂಟಿ ಮಾಯವಾಗುತ್ತದೆ. ಬಯೋಟಿನ್ ಲೇಬಲ್ ಮಾಡುವವರು ಮಾತ್ರ ಕ್ಯಾರಿಯರ್ (ಬಿಎಸ್‌ಎಯಂಥ ಜೊತೆ ಪ್ರೋಟೀನ್) ಇಲ್ಲದ್ದನ್ನೇ ತರಿಸಬೇಕು, ಟ್ರಿಸ್ ಬಫರ್ ಮುಟ್ಟಬಾರದು. ಒಮ್ಮೆಗೆ ಬೇಕಾದಷ್ಟೇ ಅಲಿಕ್ವಾಟ್ ಮಾಡಿ ಮೈನಸ್ 80ರಲ್ಲಿಡಿ. ತಾನೇ ಹಿಮ ಕರಗಿಸಿಕೊಳ್ಳುವ ಮನೆ ಫ್ರಿಜ್‌ನಂಥ ಫ್ರೀಜರ್ ಬೇಡ.

ಕಂಟ್ರೋಲ್ ವಿಷಯದಲ್ಲಿ ಜಿಪುಣತನ ಮಾಡುವುದೇ ದೊಡ್ಡ ಸಮಸ್ಯೆ ಅನ್ನಿಸುತ್ತದೆ. ಮ್ಯಾಕ್ರೊಫೇಜ್‌ಗಳಲ್ಲಿ ಎಫ್‌ಸಿ ರಿಸೆಪ್ಟರ್ ಇರುತ್ತವೆ, ಹಾಗಾಗಿ ಬರೀ ಐಜಿಜಿ1 ಎಫ್‌ಸಿ ಹಾಕಿದ ಗುಂಡಿ ಇರಲೇಬೇಕು. ಅದೂ ಸಮ ಮೋಲಾರ್‌ನಲ್ಲಿ: 10 ನ್ಯಾನೊಗ್ರಾಂ ರಿಸೆಪ್ಟರ್‌ಗೆ ಸುಮಾರು 3.5 ನ್ಯಾನೊಗ್ರಾಂ ಎಫ್‌ಸಿ. ಎಂಡೊಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ) ಸೇರಿದೆ ಎಂಬ ಅನುಮಾನವಿದ್ದರೆ ಪ್ರೋಟೀನನ್ನು 95 ಡಿಗ್ರಿಯಲ್ಲಿ ಕಾಯಿಸಿ ಹಾಕಿ. ಪ್ರೋಟೀನ್ ಕೆಡುತ್ತದೆ, ಎಂಡೊಟಾಕ್ಸಿನ್ ಉಳಿಯುತ್ತದೆ. ಆಗಲೂ ಕೋಶ ಎಚ್ಚೆತ್ತರೆ ಕಾರಣ ಗೊತ್ತಾಯಿತು. ಇನ್ನೊಂದು: ಟಿಎನ್‌ಎಫ್‌ಆರ್2-ಎಫ್‌ಸಿ ಟಿಎನ್‌ಎಫ್‌ನ ಬಂಧುವಾದ ಲಿಂಫೊಟಾಕ್ಸಿನ್-ಆಲ್ಫಾವನ್ನೂ ಹಿಡಿಯುತ್ತದೆ. ಸಿಗ್ನಲ್ ನಿಂತಿತು ಎಂದ ಮಾತ್ರಕ್ಕೆ ಟಿಎನ್‌ಎಫ್ಫೇ ಕಾರಣ ಎಂದು ಬರೆಯಬೇಡಿ.

ಈ ಲೆಕ್ಕವನ್ನು ಇನ್ನೊಂದು ಉರಿಯೂತದ ಪ್ರೋಟೀನಾದ ಐಎಲ್-6ಕ್ಕೆ ಒಯ್ಯಬೇಡಿ. ಕರಗುವ ಐಎಲ್-6 ರಿಸೆಪ್ಟರ್ ತಡೆಯುವುದಿಲ್ಲ, ಐಎಲ್-6 ಜೊತೆ ಸೇರಿ ಜಿಪಿ130 (ಐಎಲ್-6 ಸಂಕೇತವನ್ನು ಒಳಗೆ ಸಾಗಿಸುವ ಪ್ರೋಟೀನ್) ಇರುವ ಕೋಶಗಳಲ್ಲಿ ಸ್ಟ್ಯಾಟ್3 ಎಂಬ ಸಂಕೇತ ಪ್ರೋಟೀನನ್ನು ಇನ್ನಷ್ಟು ಎಬ್ಬಿಸುತ್ತದೆ. ಅಲ್ಲಿ ಆ ದಾರಿಯನ್ನು ತಡೆಯಲು ತರಿಸಬೇಕಾದ್ದು ಜಿಪಿ130-ಎಫ್‌ಸಿ.