'ಆಲ್ಡ್ ಲ್ಯಾಂಗ್ ಸೈನ್': ಈ 'ಸೈನ್' ಅಂದರೆ ಏನು?

ಡಿಸೆಂಬರ್ ಮುಗಿಯುತ್ತಾ ಬಂದಂತೆ ಈ ಪ್ರಶ್ನೆ ಬಂದೇ ಬರುತ್ತದೆ. ಹೊಸ ವರ್ಷದ ರಾತ್ರಿ ಕೈಕೈ ಹಿಡಿದು ಹಾಡುವ ಆ ಹಾಡಿನ 'ಸೈನ್' ಏನು? ಸಹಿಗೂ ಅದಕ್ಕೂ ಸಂಬಂಧವಿಲ್ಲ. ಅದು ಸ್ಕಾಟ್ಲೆಂಡಿನ ಸ್ಕಾಟ್ಸ್ ನುಡಿಯಲ್ಲಿ ಕಾಲ ಹೇಳುವ ಪುಟ್ಟ ಪದ. 'ಹಿಂದೆ' ಎನ್ನಲೂ ಅದೇ, 'ಆಮೇಲೆ' ಎನ್ನಲೂ ಅದೇ. 'ಲ್ಯಾಂಗ್ ಸೈನ್' ಎಂದರೆ ಬಹಳ ಹಿಂದೆ. 'ಸೂನ್ ಆರ್ ಸೈನ್' ಎಂದರೆ ಇವತ್ತಲ್ಲ ನಾಳೆ. ಇಂಗ್ಲಿಷರು ಹಲವರು 'ಝೈನ್' ಎಂದು ಹಾಡುತ್ತಾರೆ, ಆದರೆ ಅಲ್ಲಿರುವುದು ಸಕಾರವೇ.

'ಆಲ್ಡ್ ಲ್ಯಾಂಗ್ ಸೈನ್' ಎಂಬ ನುಡಿಗಟ್ಟು ಈ ಹಾಡನ್ನು ಕೊಟ್ಟ ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್‌ಗಿಂತ ಹಳೆಯದು. 1711ರಲ್ಲೇ ಆ ಹೆಸರಿನ ಪದ್ಯ ಅಚ್ಚಾಗಿತ್ತು. ಬರ್ನ್ಸ್ 1788ರ ಡಿಸೆಂಬರಿನಲ್ಲಿ ಗೆಳತಿ ಶ್ರೀಮತಿ ಡನ್ಲಪ್‌ಗೆ ಬರೆದ ಪತ್ರದಲ್ಲಿ ಈ ಮಾತನ್ನು ಮನಸಾರೆ ಹೊಗಳಿ ಹಾಡನ್ನೂ ಕಳಿಸಿದ. ಮುದುಕನೊಬ್ಬ ಹಾಡುವುದನ್ನು ಕೇಳಿ ಬರೆದುಕೊಂಡೆ ಎಂದು ಆಮೇಲೆ ಹೇಳಿಕೊಂಡ. ಹಾಡು ಅಚ್ಚಾದದ್ದು 1796ರಲ್ಲಿ, ಅವನು ತೀರಿಕೊಂಡ ವರ್ಷ.

ಅರ್ಥ ನಿಜವಾಗಿ ತಿಳಿಯಬೇಕಾದರೆ ಯಾರೂ ಹಾಡದ ನಡುವಿನ ನುಡಿಗಳನ್ನು ಓದಬೇಕು. ಹೊಸ ವರ್ಷದ ಸುದ್ದಿಯೇ ಅಲ್ಲಿಲ್ಲ. ಎಷ್ಟೋ ಕಾಲದ ಮೇಲೆ ಎದುರಾದ ಇಬ್ಬರು ಗೆಳೆಯರಿದ್ದಾರೆ. ಚಿಕ್ಕಂದಿನಲ್ಲಿ ಜೊತೆಯಾಗಿ ಗುಡ್ಡ ಸುತ್ತಿ ಡೇಸಿ ಹೂ ಕಿತ್ತವರು, ಬೆಳಗಿನಿಂದ ಊಟದ ಹೊತ್ತಿನವರೆಗೆ ಹಳ್ಳದ ನೀರಿನಲ್ಲಿ ಕಾಲಾಡಿಸಿದವರು. ಆಮೇಲೆ ಇಬ್ಬರ ನಡುವೆ ಸಮುದ್ರಗಳೇ ಭೋರ್ಗರೆದಿವೆ, 'ಸಿನ್ ಆಲ್ಡ್ ಲ್ಯಾಂಗ್ ಸೈನ್'. ಇಲ್ಲಿ 'ಇಂದ' ಎನ್ನುವ ಕೆಲಸವನ್ನು 'ಸಿನ್' ಮಾಡುತ್ತಿದೆ. ಹಾಗಾಗಿ ಉಳಿದ ಮೂರು ಪದ ಸೇರಿ ನಾಮಪದವೇ ಆಗಿಬಿಟ್ಟಿದೆ: ಆ ಹಳೆಯ ದಿನಗಳು. 'ಹಳೆಯ ದೀರ್ಘ ಹಿಂದೆ' ಎಂದು ಪದಕ್ಕೆ ಪದ ಇಟ್ಟರೆ ಏನೂ ಉಳಿಯುವುದಿಲ್ಲ. ನನ್ನ ಉತ್ತರ 'ನಮ್ಮ ಆ ಕಾಲ' ಎಂದು. 'ನಮ್ಮ' ಎಂಬುದು ಮೂಲದಲ್ಲಿಲ್ಲ, ಆದರೆ ಅದಿಲ್ಲದೆ ಆ ಇಬ್ಬರ ಸಲಿಗೆ ಕನ್ನಡಕ್ಕೆ ಬರುವುದಿಲ್ಲ.

ಡೆಹ್ರಾಡೂನಿನ ಸೇನಾ ಅಕಾಡೆಮಿಯಲ್ಲಿ ತರಬೇತಿ ಮುಗಿಸಿದ ಕೆಡೆಟ್‌ಗಳು ಕೊನೆಯ ಹೆಜ್ಜೆ ಇಡುವಾಗ ಬ್ಯಾಂಡ್ ನುಡಿಸುವುದೂ ಇದೇ ಧಾಟಿ. ಬೀಳ್ಕೊಡುಗೆಗೆ ಇದು ಎಷ್ಟು ಸಲ್ಲುತ್ತದೆ ಎಂದು ಅದನ್ನು ಕೇಳಿದವರಿಗೆ ಗೊತ್ತು. ಆದರೆ ಬರ್ನ್ಸ್ ಬರೆದದ್ದು ಮತ್ತೆ ಸಿಕ್ಕವರ ಹಾಡು.

ಹಾಡುವವರಿಗೆ ಇನ್ನೊಂದು ಮಾತು. 'ಫಾರ್ ದ ಸೇಕ್ ಆಫ್' ಎಂದು ಸೇರಿಸಬೇಡಿ. ಬರ್ನ್ಸ್‌ನ ಸಾಲಿನಲ್ಲಿ ಇರುವುದು 'ಫಾರ್ ಆಲ್ಡ್ ಲ್ಯಾಂಗ್ ಸೈನ್' ಅಷ್ಟೇ.